ಮೂರನೇ ನಂಬರಿನ ಬುಟ್ಟಿಗೆ ಎರಡು ವರದಿ

ಫೋನಿನಲ್ಲಿ ಚೀಫ್ ಇಂಜಿನಿಯರ್ ಕೇಳಿದ್ದು ಪರೀಕ್ಷೆಯನ್ನಲ್ಲ, ಕಾಗದವನ್ನು. ಸೆಂಟ್ರಿಫ್ಯೂಗಲ್ ವಿಭಾಗದ ಒಬ್ಬ ಆಪರೇಟರ್ ಮೂರು ದಿನದಿಂದ ಮೂರನೇ ನಂಬರಿನ ಮಷೀನಿನ ಮುಂದೆ ನಿಲ್ಲಲು ಒಪ್ಪುತ್ತಿಲ್ಲ, ಅದರ ದನಿ ಬದಲಾಗಿದೆ ಎನ್ನುತ್ತಾನೆ, ಅವನನ್ನು ನೋಡಿ ಉಳಿದವರೂ ಹಿಂಜರಿಯುತ್ತಿದ್ದಾರೆ, ಕಬ್ಬಿನ ಸೀಜನ್ ನಡುಮಧ್ಯಕ್ಕೆ ಬಂದಿದೆ, ನೀವು ಬಂದು ನೋಡಿ ಬುಟ್ಟಿ ಸರಿಯಿದೆ ಎಂದು ಬರೆದುಕೊಟ್ಟರೆ ಆಯಿತು ಎಂದರು. ಅರ್ಧ ಕನ್ನಡ, ಅರ್ಧ ಮರಾಠಿ. ನಾಳೆ ಬರುತ್ತೇನೆ ಎಂದೆ.

ಲೋಹವನ್ನು ಕೊಯ್ಯದೆ, ಒಡೆಯದೆ ಅದರಲ್ಲಿ ಬಿರುಕಿದೆಯೇ ಎಂದು ನೋಡುವುದು ನನ್ನ ಕೆಲಸ. ಚಿಕ್ಕೋಡಿಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಮರುದಿನ ಬೆಳಿಗ್ಗೆ ಡಬ್ಬಿಗಳನ್ನೆಲ್ಲ ವ್ಯಾನಿಗೆ ಹಾಕಿಕೊಂಡು, ಅಂಕಲಿ ದಾಟಿ, ಕೃಷ್ಣೆಯ ಸೇತುವೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮುಕ್ಕಾಲು ತಾಸು ನಿಂತು, ಕಾಗವಾಡ ತಾಲೂಕಿನ ಆ ಕಾರ್ಖಾನೆ ಮುಟ್ಟಿದೆ. ಅದರ ಹೆಸರು ಇಲ್ಲಿ ಬೇಡ.

ಸಕ್ಕರೆ ಕಾರ್ಖಾನೆಯ ಒಳಗೆ ಹೋಗದವರಿಗೆ ಇಷ್ಟು ಹೇಳಬೇಕು. ಕುದ್ದು ಹರಳುಗಟ್ಟಿದ ಕಂದು ಪಾಕವನ್ನು ಕೊನೆಯಲ್ಲಿ ಒಂದು ದೊಡ್ಡ ಉಕ್ಕಿನ ಬುಟ್ಟಿಗೆ ಸುರಿಯುತ್ತಾರೆ. ಎದೆಮಟ್ಟದ ಬುಟ್ಟಿ, ಗೋಡೆಯ ತುಂಬ ಸಾಲುಸಾಲು ತೂತುಗಳು, ಒಳಮೈಗೆ ಸಣ್ಣ ಕಣ್ಣಿನ ಜಾಳಿಗೆ. ಬುಟ್ಟಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಪಾಕದಲ್ಲಿನ ಕಪ್ಪು ರಸ, ಕಾಕಂಬಿ, ತೂತುಗಳಿಂದ ಹೊರಗೆ ಚಿಮ್ಮಿ, ಸಕ್ಕರೆ ಜಾಳಿಗೆಗೆ ಅಂಟಿಕೊಂಡು ಉಳಿಯುತ್ತದೆ. ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಟನ್ ಪಾಕ. ಅಷ್ಟು ಭಾರ ಹೊತ್ತು ಅಷ್ಟು ವೇಗದಲ್ಲಿ ತಿರುಗುವ ಬುಟ್ಟಿ ಸೀಳಿದರೆ ಏನಾಗುತ್ತದೆ ಎಂಬುದನ್ನು ನಾನು ತರಬೇತಿಯ ಕಾಲದಲ್ಲಿ ಒಂದು ಫೋಟೋದಲ್ಲಿ ನೋಡಿದ್ದೆ. ಸುತ್ತಲಿನ ದಪ್ಪ ಕವಚ ರಟ್ಟಿನ ಡಬ್ಬಿಯಂತೆ ಹರಿದಿತ್ತು. ಆಪರೇಟರ್ ನಿಲ್ಲುವ ಜಾಗವನ್ನು ಫೋಟೋ ತೆಗೆದವರು ಬೇಕೆಂದೇ ಬಿಟ್ಟಿದ್ದರು. ಆ ಜಾಗ ಬುಟ್ಟಿಯಿಂದ ಎರಡು ಹೆಜ್ಜೆ.

ಆಪರೇಟರ್ ಸತ್ತಿ ಎಂಬ ಊರಿನವರು. ಐವತ್ತು ದಾಟಿದ, ನರೆತ ಮೀಸೆಯ, ಮೆಲ್ಲಗೆ ಮಾತಾಡುವ ಮನುಷ್ಯ. ಇಂಜಿನಿಯರ್ ಹೇಳಿದ ರೀತಿ ಕೇಳಿ ಯಾರೋ ಹಟಮಾರಿ ಇರಬೇಕು ಎಂದುಕೊಂಡಿದ್ದೆ. ಸದ್ದು ಹೇಗಿದೆ ಎಂದು ಕೇಳಿದೆ.

“ಸದ್ದಲ್ರಿ. ಸ್ಪೀಡ್ ಏರೂ ಮುಂದ ನಡುವ ಒಮ್ಮೆ ತಡವರಿಸಿದಂಗ ಆಕ್ಕೈತಿ. ಅದು ಕಿವಿಗೆ ಗೊತ್ತಾಗಂಗಿಲ್ಲ. ಕಾಲಿಗೆ ಗೊತ್ತಾಕ್ಕೈತಿ.”

ಅವರು ನಿಲ್ಲುವುದು ಕಬ್ಬಿಣದ ತಗಡಿನ ಮೇಲೆ. ಇಪ್ಪತ್ತು ವರ್ಷದಿಂದ ಅದೇ ತಗಡು.

ಮಷೀನಿನ ಮೇನ್ ಸ್ವಿಚ್ ಇಳಿಸಿ, ಅದಕ್ಕೆ ನನ್ನದೇ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಹಾಕಿಕೊಂಡು ಕೆಲಸ ಶುರುಮಾಡಿದೆ. ಕಾರ್ಖಾನೆಯ ಫಿಟ್ಟರ್ ಜಾಳಿಗೆ ಬಿಚ್ಚಿಕೊಟ್ಟರು. ಬಿಸಿನೀರಿನಿಂದ ತೊಳೆದು, ಒರೆಸಿ, ಒಳಗೋಡೆಗೆ ಕೆಂಪು ಬಣ್ಣದ ದ್ರಾವಣ ಹಚ್ಚಿದೆ. ಈ ದ್ರಾವಣ ಕೂದಲೆಳೆಯ ಬಿರುಕಿದ್ದರೂ ಅದರೊಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ, ಬಿರುಕಿನೊಳಗಿನ ಕೆಂಪು ಮೇಲೆ ಬಂದು ಗೆರೆಯಾಗಿ ಕಾಣುತ್ತದೆ. ಎಲ್ಲ ಕ್ರಮದಂತೆ ಮಾಡಿದೆ. ಗೋಡೆ ಸುಣ್ಣ ಬಳಿದಂತೆ ಬಿಳಿಯಾಗಿಯೇ ಉಳಿಯಿತು. ಟಾರ್ಚ್ ಹಿಡಿದು ಎರಡು ಸಲ ಸುತ್ತು ಹಾಕಿದೆ. ಒಂದು ಗೆರೆಯೂ ಇಲ್ಲ.

ನನ್ನ ವರದಿಯ ನಮೂನೆಯಲ್ಲಿ ಒಂದು ಪ್ರಶ್ನೆ ಇದೆ: ಈ ಮೊದಲು ಈ ಭಾಗಕ್ಕೆ ರಿಪೇರಿ, ವೆಲ್ಡಿಂಗ್, ಗ್ರೈಂಡಿಂಗ್ ಆಗಿದೆಯೇ? ಹಿಂದೆ ನಿಂತಿದ್ದ ಇಂಜಿನಿಯರ್‌ರನ್ನು ಕೇಳಿದೆ. ಏನೂ ಇಲ್ಲ ಎಂದರು. ‘ಇಲ್ಲ’ ಎಂದು ಬರೆದೆ. ದೋಷ ಕಂಡುಬಂದಿಲ್ಲ ಎಂದು ಬರೆದು ಸಹಿ ಹಾಕಿದೆ. ಇಂಜಿನಿಯರ್ ಕಾಗದವನ್ನು ಆಪರೇಟರ್ ಕೈಗೆ ಕೊಟ್ಟು ಓದಲು ಹೇಳಿದರು. ಅವರು ನಿಧಾನಕ್ಕೆ ಓದಿ, ಮಡಚದೆ ವಾಪಸು ಕೊಟ್ಟು, ನನ್ನ ಕಡೆ ತಿರುಗಿದರು.

“ನೀವ ಬರದ್ಕೊಟ್ರಿ ಅಂದ್ರ ಸಾಕ್ರಿ. ನಾ ನಿಂದ್ರತೀನಿ.”

ಫಿಟ್ಟರ್ ಜಾಳಿಗೆ ಮತ್ತೆ ಕೂರಿಸಿದ ಮೇಲೆ ಬೀಗ ತೆಗೆದೆ. ಡಬ್ಬಿಗಳನ್ನು ಕಟ್ಟಿಕೊಂಡು ಕೆಳಗೆ ಬಂದೆ. ವರ್ಕ್‌ಶಾಪಿನ ಹೊರಗಿನ ನಲ್ಲಿಯಲ್ಲಿ ಕೈಗೆ ಹತ್ತಿದ ಕೆಂಪು ಬಣ್ಣ ತೊಳೆಯುತ್ತಿದ್ದಾಗ ಫಿಟ್ಟರ್ ಬಂದರು. ಸೋಪು ಕೊಟ್ಟರು. ಊರು, ಮನೆ ಕೇಳಿದರು. ತಮ್ಮ ತಂಗಿಯನ್ನು ನಿಪ್ಪಾಣಿಯ ಹತ್ತಿರ ಅಕ್ಕೋಳಕ್ಕೆ ಕೊಟ್ಟಿದೆ ಎಂದರು. ಆಮೇಲೆ, ನನ್ನ ಕೆಲಸವನ್ನು ಹೊಗಳುವ ಧಾಟಿಯಲ್ಲಿ, ಮಷೀನ್ ಪಾಸಾಗುತ್ತದೆ ಎಂದು ತಮಗೆ ಗೊತ್ತಿತ್ತು ಎಂದರು. ಹೋದ ತಿಂಗಳು ಬುಟ್ಟಿಯ ಒಳಗೋಡೆಯ ಒಂದು ಗೀರು ಪದೇಪದೇ ಜಾಳಿಗೆಯನ್ನು ಹರಿಯುತ್ತಿತ್ತಂತೆ. ತಾವೇ ಕೈ ಗ್ರೈಂಡರ್ ಹಿಡಿದು ಅದನ್ನು ನುಣ್ಣಗೆ ಮಾಡಿದ್ದರಂತೆ.

ನಲ್ಲಿ ಹರಿಯುತ್ತಲೇ ಇತ್ತು. ಗೀರು ಎಷ್ಟುದ್ದ ಇತ್ತು ಎಂದು ಕೇಳಿದೆ.

“ಈ ತೂತಿನಿಂದ ಹಿಂಗ... ನಾಕನೇ ತೂತಿನ ಮಟ ಇತ್ರಿ. ಸೀದಾ ಮ್ಯಾಲಿಂದ ಕೆಳಗ.”

ನಲ್ಲಿಯ ಹಿಂದಿನ ಗೋಡೆಯ ಮೇಲೆ ಒದ್ದೆ ಬೆರಳಿನಿಂದ ಒಂದು ಗೇಣು ಎಳೆದು ತೋರಿಸಿದರು.

ಗೀರು ತೂತಿನಿಂದ ತೂತಿಗೆ ಹೋಗುವುದಿಲ್ಲ. ಬಿರುಕು ಹೋಗುತ್ತದೆ. ಸ್ಟೇನ್‌ಲೆಸ್ ಉಕ್ಕನ್ನು ಗ್ರೈಂಡರಿನಿಂದ ಉಜ್ಜಿದರೆ ಮೇಲ್ಮೈ ಲೋಹ ಬೆಣ್ಣೆಯ ಹಾಗೆ ಸವರಿಕೊಂಡು ಬಿರುಕಿನ ಬಾಯಿ ಮುಚ್ಚುತ್ತದೆ. ಬಾಯಿಯೇ ಮುಚ್ಚಿದ ಮೇಲೆ ಕೆಂಪು ದ್ರಾವಣ ಒಳಗಿಳಿಯುವುದು ಹೇಗೆ? ನಾನು ಬಿಳಿ ಗೋಡೆ ನೋಡಿ ಸಹಿ ಹಾಕಿದ್ದೆ. ಗ್ರೈಂಡರ್ ಉಜ್ಜಿದ ಆ ಹೊಳಪು ಪಟ್ಟಿ ಬೆಳಿಗ್ಗೆ ಕಣ್ಣಿಗೆ ಬಿದ್ದಿತ್ತು ಕೂಡ. ಜಾಳಿಗೆ ತಿಕ್ಕಿ ಆದದ್ದು ಎಂದುಕೊಂಡಿದ್ದೆ. ಪ್ರಶ್ನೆಯನ್ನು ಗ್ರೈಂಡರ್ ಹಿಡಿದವರಿಗೆ ಕೇಳಬೇಕಿತ್ತು. ಆಫೀಸಿನಲ್ಲಿ ಕೂರುವವರಿಗೆ ಕೇಳಿದ್ದೆ.

ಮೇಲೆ ಮಷೀನ್ ಆಗಲೇ ನಾಲ್ಕೈದು ಸಲ ಪಾಕ ತಿರುಗಿಸಿ ಇಳಿಸಿತ್ತು, ನಾನು ಕಿವಿಗೊಟ್ಟಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಆ ದನಿ ಮತ್ತೆ ಶುರುವಾಯಿತು. ಮೊದಲು ಗೊಗ್ಗರು, ಆಮೇಲೆ ಏರುತ್ತ ಏರುತ್ತ ತೆಳುವಾದ ಒಂದೇ ಎಳೆ. ಮೂರನೇ ನಂಬರ್ ಎಂದು ಫಿಟ್ಟರ್ ಹೇಳುವ ಅಗತ್ಯವಿರಲಿಲ್ಲ.

ಓಡಿದೆ. ಕಬ್ಬಿಣದ ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ ನೆನಪಿಲ್ಲ. ಕೊನೆಯ ಮೆಟ್ಟಿಲು ಚೆನ್ನಾಗಿ ನೆನಪಿದೆ, ಏಕೆಂದರೆ ಅಲ್ಲಿ ನನ್ನ ಕಾಲು ನಿಂತುಬಿಟ್ಟವು. ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ಮಷೀನ್, ಅದರ ಮುಂದೆ ನನ್ನ ಕಡೆ ಬೆನ್ನು ಹಾಕಿ ನಿಂತ ಆಪರೇಟರ್. ನಾನು ಮುಂದೆ ಹೋಗಲಿಲ್ಲ. ಪಕ್ಕದ ಉಕ್ಕಿನ ಕಂಬದ ಹಿಂದೆ ಸರಿದು ಅಲ್ಲಿಂದ ಕೂಗಿದೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೈಯಲ್ಲಿದ್ದ ಸೋಪನ್ನು ಅವರ ಕಾಲ ಬಳಿ ಎಸೆದೆ. ತಿರುಗಿ ನೋಡಿದರು. ಕತ್ತಿನ ಅಡ್ಡ ಕೈ ಆಡಿಸಿದೆ. ಅವರು ಏನೂ ಕೇಳದೆ ಕೆಂಪು ಗುಂಡಿ ಒತ್ತಿದರು.

ಅಷ್ಟು ಭಾರದ ಬುಟ್ಟಿ ಗುಂಡಿ ಒತ್ತಿದ ಕೂಡಲೇ ನಿಲ್ಲುವುದಿಲ್ಲ. ಬ್ರೇಕ್ ಹಿಡಿದು ಇಳಿಯಲು ಒಂದು ನಿಮಿಷದ ಮೇಲೆ ಬೇಕು. ಅವರಿಗೂ ಇತ್ತ ಬರುವಂತೆ ಕೈಬೀಸಿದೆ. ಅವರು ತಲೆಯಾಡಿಸಿ ಅಲ್ಲೇ ನಿಂತು, ಕೈ ಪ್ಯಾನಲ್ಲಿನ ಮೇಲಿಟ್ಟು, ಅದು ಇಳಿಯುವುದನ್ನು ನೋಡುತ್ತಿದ್ದರು. ನಾನು ಕಂಬ ಬಿಡಲಿಲ್ಲ. ಈಗಲೂ ಆ ಒಂದು ನಿಮಿಷದ ಬಗ್ಗೆ ನನಗೆ ನಾಚಿಕೆಯಿದೆ.

ಇಂಜಿನಿಯರ್ ಬಂದರು. ವಿಷಯ ಹೇಳಿದೆ. ಫಿಟ್ಟರ್ ತಲೆ ತಗ್ಗಿಸಿ ನಿಂತರು. ಹೌದು, ಉಜ್ಜಿದ್ದು ನಿಜ, ಯಾರಿಗೂ ಹೇಳಿರಲಿಲ್ಲ ಎಂದರು. ಇಂಜಿನಿಯರ್ ಅವರನ್ನು ಬೈಯಲಿಲ್ಲ. ನನ್ನನ್ನು ಕೇಳಿದರು:

“ಮ್ಯಾಡಮ್, ಈಗರೆ ಸರಿ ಐತಿ ಅಂತ ಬರದ್ರಿ. ಈಗ ಇಲ್ಲ ಅಂತೀರಿ. ನಾ ಯಾವ್ದು ನಂಬ್ಲಿ?”

ಅದು ನ್ಯಾಯವಾದ ಪ್ರಶ್ನೆ. ಮೇಲೆ ತೊಟ್ಟಿಗಳಲ್ಲಿ ಪಾಕ ಕಾಯುತ್ತಿತ್ತು. ಈ ಮಷೀನ್ ನಿಂತರೆ ಅದು ಗಟ್ಟಿಯಾಗುತ್ತದೆ, ಹಿಂದಿನ ಕುದಿಸುವ ಪಾತ್ರೆಗಳು ತುಂಬಿಕೊಳ್ಳುತ್ತವೆ, ಕೊನೆಗೆ ಕಬ್ಬು ಅರೆಯುವುದನ್ನೇ ನಿಧಾನಿಸಬೇಕಾಗುತ್ತದೆ. ಗೇಟಿನಿಂದ ಶಿರಗುಪ್ಪಿಯ ರಸ್ತೆಯವರೆಗೆ ಟ್ರ್ಯಾಕ್ಟರುಗಳು ನಿಂತಿದ್ದವು. ನಾಲ್ಕು ಗಂಟೆಯವರೆಗೆ ಬಿಡುತ್ತೇನೆ, ಅಷ್ಟರಲ್ಲಿ ಬಿರುಕು ತೋರಿಸಿ, ಇಲ್ಲದಿದ್ದರೆ ನಿಮ್ಮ ಬೆಳಗಿನ ಕಾಗದವೇ ಕೊನೆ ಎಂದರು. ಆಗ ಎರಡೂ ಹತ್ತು.

ಸರಿಯಾದ ದಾರಿ ಎಂದರೆ ಉಜ್ಜಿದ ಜಾಗಕ್ಕೆ ಆಸಿಡ್ ಹಚ್ಚಿ, ಸವರಿಕೊಂಡ ಲೋಹವನ್ನು ತಿನ್ನಿಸಿ, ಬಿರುಕಿನ ಬಾಯಿ ತೆರೆಸಿ, ಮತ್ತೆ ಕೆಂಪು ದ್ರಾವಣ ಹಾಕುವುದು. ಆ ಆಸಿಡ್ ನನ್ನ ಬಳಿ ಇರಲಿಲ್ಲ. ಅಲ್ಟ್ರಾಸೋನಿಕ್ ಯಂತ್ರ ಇತ್ತು, ಆದರೆ ಅಷ್ಟೊಂದು ತೂತುಗಳ ನಡುವೆ ಅದಕ್ಕೆ ಪ್ರತಿ ತೂತೂ ಒಂದು ಬಿರುಕೇ. ಉಳಿದದ್ದು ದ್ರವ ಸ್ಫಟಿಕದ ಬಾಟಲಿ.

ಮನೆಯಲ್ಲಿ ಅದು ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇರುತ್ತದೆ. ಕೆಲಸಕ್ಕೆ ಹೋಗುವಾಗ ಥರ್ಮಾಕೋಲ್ ಡಬ್ಬಿಯಲ್ಲಿ ಜೊತೆಗೆ ಬರುತ್ತದೆ. ನೋಡಲು ತೆಳು ಹಾಲಿನಂಥ ದ್ರವ. ಅದರೊಳಗಿನ ವಸ್ತು ಪೂರ್ತಿ ದ್ರವವೂ ಅಲ್ಲ, ಪೂರ್ತಿ ಹರಳೂ ಅಲ್ಲ. ಅಣುಗಳು ಸ್ಕ್ರೂವಿನ ಸುತ್ತಿನ ಹಾಗೆ ಜೋಡಿಸಿಕೊಂಡಿರುತ್ತವೆ. ಶಾಖ ಬದಲಾದರೆ ಆ ಸುತ್ತು ಬಿಗಿಯಾಗುತ್ತದೆ ಅಥವಾ ಸಡಿಲಾಗುತ್ತದೆ, ಅದರಂತೆ ಅದು ಹಿಂತಿರುಗಿಸುವ ಬೆಳಕಿನ ಬಣ್ಣ ಬದಲಾಗುತ್ತದೆ. ಕಪ್ಪು ಬಳಿದ ಲೋಹದ ಮೇಲೆ ಹಚ್ಚಿದರೆ ಲೋಹದ ಬಿಸಿ ಎಲ್ಲಿ ಎಷ್ಟಿದೆ ಎಂಬುದು ಬಣ್ಣದಲ್ಲಿ ಕಾಣುತ್ತದೆ. ನನ್ನ ಬಾಟಲಿಯದು ಮೂವತ್ತು ಡಿಗ್ರಿಗೆ ಕೆಂಪು, ಆಮೇಲೆ ಹಸಿರು, ಮೂವತ್ತೈದರ ಹತ್ತಿರ ನೀಲಿ. ಅದರ ಕೆಳಗೂ ಮೇಲೂ ಬಣ್ಣವಿಲ್ಲ, ಕಪ್ಪು. ಬಿರುಕಿನ ಬಾಯಿ ಮುಚ್ಚಿದ್ದರೂ ಒಳಗೆ ಲೋಹ ತುಂಡಾಗಿರುತ್ತದೆ, ಶಾಖಕ್ಕೆ ಅದನ್ನು ಸುಲಭವಾಗಿ ದಾಟಲು ಆಗುವುದಿಲ್ಲ. ಆ ಜಾಗದಲ್ಲಿ ಬಣ್ಣ ಮುರಿಯಬೇಕು. ಲ್ಯಾಬಿನಲ್ಲಿ, ಸಣ್ಣ ತುಂಡುಗಳ ಮೇಲೆ, ಹಲವು ಸಲ ಮಾಡಿದ್ದೆ. ಕಾರ್ಖಾನೆಯಲ್ಲಿ ಎಂದೂ ಅದರ ಮೇಲೆ ಭಾರ ಹಾಕಿರಲಿಲ್ಲ.

ಮತ್ತೆ ಬೀಗ ಹಾಕಿದೆ. ಪಾಕ ಇಳಿಸಿ, ತೊಳೆದು, ಜಾಳಿಗೆ ಬಿಚ್ಚುವುದರಲ್ಲಿ ಎರಡೂಮುಕ್ಕಾಲು. ಇಂಜಿನಿಯರ್ ಫಿಟ್ಟರ್‌ರನ್ನು ಬೇರೆ ಕೆಲಸಕ್ಕೆ ಕಳಿಸಿದರು. ದೀಪ ಹಿಡಿಯಲು ಆಪರೇಟರ್ ತಾವೇ ನಿಂತರು. ನಾನು ಬುಟ್ಟಿಯ ಅಂಚಿನ ಮೇಲೆ ಹೊಟ್ಟೆ ಊರಿ, ತಲೆ, ಎರಡೂ ತೋಳು ಒಳಗಿಳಿಸಿ, ಹೊಳಪು ಪಟ್ಟಿಯ ಸುತ್ತ ಕಪ್ಪು ಬಣ್ಣ ಹೊಡೆದು, ಅದು ಒಣಗಿದ ಮೇಲೆ ಸ್ಫಟಿಕದ ದ್ರವ ಸಿಂಪಡಿಸಿದೆ.

ಏನೂ ಆಗಲಿಲ್ಲ. ಕಪ್ಪು ಕಪ್ಪಾಗಿಯೇ ಇತ್ತು. ಬಾಟಲಿ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಕತ್ತಿನ ಮೇಲೆ ಇಳಿಯುತ್ತಿದ್ದ ಬೆವರು ಗಮನಕ್ಕೆ ಬಂತು. ಬಿಸಿ ಪಾಕದ ಬುಟ್ಟಿ, ಸುತ್ತ ಹಬೆ. ಥರ್ಮಾಮೀಟರ್ ಇಟ್ಟರೆ ಲೋಹ ನಲವತ್ತೊಂದು. ಬಣ್ಣಗಳ ಗಡಿಯನ್ನು ಅದು ಆಗಲೇ ದಾಟಿತ್ತು. ಕಾಯಿಸಿ ನೋಡುವ ವಿಧಾನ ಇಲ್ಲಿ ನಡೆಯುವುದಿಲ್ಲ, ತಣಿಸಿ ನೋಡಬೇಕು. ಐಸು ಬೇಕು, ಬರ್ಫ ಬೇಕು ಎಂದೆ. ಗೇಟಿನ ಹೊರಗೆ ಹಣ್ಣಿನ ರಸ ಮಾರುವ ಗಾಡಿಗಳಿದ್ದವು. ಆಪರೇಟರ್ ದೀಪ ಕೆಳಗಿಟ್ಟು ಹೋಗಿ, ಗೋಣಿಚೀಲದಲ್ಲಿ ಒಂದು ದೊಡ್ಡ ಗಡ್ಡೆ ಹೊತ್ತು ತಂದರು. ಹೆಗಲು ತೊಯ್ದಿತ್ತು. ಮೂರು ಗಂಟೆ ಐದು ನಿಮಿಷ.

ಬುಟ್ಟಿಯ ಕವಚದ ತಪಾಸಣೆ ಬಾಗಿಲು ತೆಗೆಸಿ, ಹೊರಮೈಗೆ, ಪಟ್ಟಿಯ ಸರಿ ಹಿಂದೆ, ಪುಡಿ ಮಾಡಿದ ಬರ್ಫದ ಚೀಲ ಒತ್ತಿ ಹಿಡಿಯಲು ಅವರಿಗೆ ಹೇಳಿ ನಾನು ಒಳಗೆ ನೋಡಿದೆ. ಕಪ್ಪಿನ ನಡುವೆ ಮೊದಲು ನೀಲಿ ಮೂಡಿತು, ಹರಡಿತು, ಹಸಿರಾಯಿತು. ತೂತುಗಳ ಸುತ್ತ ಸಣ್ಣ ಸಣ್ಣ ಉಂಗುರಗಳು. ನೋಡಲು ಚೆಂದವಾಗಿತ್ತು. ಆದರೆ ಎಲ್ಲಿಯೂ ಒಡಕಿಲ್ಲ. ಹಸಿರು ಸಮನಾಗಿ ಕೆಂಪಾಯಿತು, ಕೆಂಪು ಸಮನಾಗಿ ಕಪ್ಪಾಯಿತು. ಮತ್ತೊಂದು ಸಲ ಮಾಡಿದೆ. ಅದೇ.

ಮೆಟ್ಟಿಲ ಬಳಿ ನೋಡುತ್ತಿದ್ದ ಇಂಜಿನಿಯರ್ ಹತ್ತಿರ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. “ಕಾಳಜಿ ಕರೂ ನಕಾ ಮ್ಯಾಡಮ್” ಎಂದು ಸಮಾಧಾನ ಹೇಳಿ, ಎರಡು ಬೇರೆ ಬೇರೆ ಪರೀಕ್ಷೆ ಒಂದೇ ಮಾತು ಹೇಳುತ್ತಿವೆ, ಅದು ಗೀರೇ ಇದ್ದೀತು, ನಿಮ್ಮ ಮೊದಲ ವರದಿಯೇ ಸರಿ ಎಂದರು. ನಾನು ಅರ್ಧ ನಂಬಿದೆ. ನಂಬಬೇಕೆಂಬ ಆಸೆಯಿತ್ತು. ನಂಬಿದರೆ ನಾನು ತಪ್ಪು ಮಾಡಿಲ್ಲ, ಯಾರೂ ಅಪಾಯದಲ್ಲಿ ನಿಂತಿರಲಿಲ್ಲ, ಸಂಜೆಯೊಳಗೆ ಮನೆ.

ಆಗ ನನ್ನನ್ನು ನಾನು ಕೇಳಿಕೊಂಡದ್ದು ಒಂದೇ ಮಾತು. ಈಗ ಮಷೀನ್ ಶುರುಮಾಡಿದರೆ ಆ ತಗಡಿನ ಮೇಲೆ ನಾನು ನಿಲ್ಲುತ್ತೇನೆಯೇ? ನನ್ನ ಕಾಲು ಅದಕ್ಕೆ ಆಗಲೇ ಉತ್ತರ ಕೊಟ್ಟಿದ್ದವು.

ಪ್ಯಾನಲ್ಲಿನ ಪಕ್ಕ ಮಷೀನಿನ ಲಾಗ್‌ಬುಕ್ ತೂಗುಹಾಕಿತ್ತು. ತೆಗೆದುಕೊಂಡು, ಬೆಳಿಗ್ಗೆ ನಾನು ಕೊಟ್ಟ ವರದಿಯನ್ನು ಹಿಂತೆಗೆದುಕೊಂಡಿದ್ದೇನೆ, ಮೂರನೇ ನಂಬರಿನ ಮಷೀನ್ ನಡೆಸಲು ಯೋಗ್ಯ ಎಂದು ನಾನು ಹೇಳುವುದಿಲ್ಲ ಎಂದು ಬರೆದು, ಹೊತ್ತು ನಮೂದಿಸಿ ಸಹಿ ಹಾಕಿದೆ. ಇಂಜಿನಿಯರ್ ಓದಿದರು. ಮುಖ ಬಿಗಿಯಿತು.

“ಪುರಾವೆ ಎಲ್ಲೈತ್ರಿ?”

“ಪುರಾವೆ ಇಲ್ರಿ. ಸಹಿ ನಂದು. ಅದನ್ನ ವಾಪಸ್ ತಗೊಂಡೀನಿ.”

ಹೀಗಾದರೆ ಈ ಭಾಗದಲ್ಲಿ ಯಾವ ಕಾರ್ಖಾನೆ ನಿಮ್ಮನ್ನು ಕರೆಯುತ್ತದೆ ನೋಡಿ ಎಂದು ಹೇಳಿ ಅವರು ಫೋನ್ ತೆಗೆದುಕೊಂಡು ಆಚೆ ಹೋದರು. ಅದು ಬೆದರಿಕೆಯೋ ಕನಿಕರವೋ ತಿಳಿಯಲಿಲ್ಲ. ಎರಡಕ್ಕೂ ಹೆದರಿದೆ.

ಆಪರೇಟರ್, ಬರ್ಫದ ಚೀಲ ಹಿಡಿದು ಮರಗಟ್ಟಿದ ಕೈಗಳನ್ನು ತಿಕ್ಕಿಕೊಳ್ಳುತ್ತ, ಇದು ತೋರಿಸುವುದು ಹೇಗೆ ಎಂದು ಕೇಳಿದರು. ಅವರಿಗೆ ವಿವರಿಸಲೆಂದು ಲಾಗ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬುಟ್ಟಿಯ ಗೋಡೆಯನ್ನು ಅಡ್ಡ ಕೊಯ್ದ ಹಾಗೆ ಬರೆದೆ. ಗೋಡೆಯೊಳಗೆ ನೆಟ್ಟಗೆ ಇಳಿದ ಬಿರುಕು ಬರೆದೆ. ಹೊರಗಿನಿಂದ ಒಳಗೆ ಬರುವ ತಂಪಿಗೆ ಬಾಣದ ಗುರುತು ಹಾಕಿದೆ. ಹಾಕಿ, ನೋಡುತ್ತ ಕುಳಿತೆ. ಬಾಣವೂ ಬಿರುಕೂ ಒಂದೇ ದಿಕ್ಕಿನಲ್ಲಿದ್ದವು. ತಂಪು ಬಿರುಕಿನ ಪಕ್ಕದಿಂದ, ಅದನ್ನು ದಾಟದೆಯೇ, ಒಳಗೆ ಬಂದುಬಿಡುತ್ತಿತ್ತು. ಅದಕ್ಕೆ ಅಡ್ಡಿಯೇ ಇರಲಿಲ್ಲ. ಬಿರುಕು ಕಾಣಬೇಕಾದರೆ ತಂಪು ಅದನ್ನು ಅಡ್ಡ ದಾಟುವಂತೆ ಮಾಡಬೇಕಿತ್ತು. ಗೋಡೆಯ ಹಿಂದಿನಿಂದಲ್ಲ, ಪಕ್ಕದಿಂದ ಬಿಡಬೇಕಿತ್ತು. ಲ್ಯಾಬಿನಲ್ಲಿ ಯಾವಾಗಲೂ ಹಾಗೆಯೇ ಮಾಡುತ್ತಿದ್ದೆ. ಹೆದರಿಕೆಯಲ್ಲಿ ಮರೆತಿದ್ದೆ.

ಬರ್ಫ ಅರ್ಧಕ್ಕಿಂತ ಹೆಚ್ಚು ಕರಗಿತ್ತು. ಮೂರೂ ನಲವತ್ತು. ಬುಟ್ಟಿ ಮತ್ತೆ ಬೆಚ್ಚಗಾಗಲು ಬಿಟ್ಟು, ಉಳಿದ ಬರ್ಫವನ್ನು ಉದ್ದನೆಯ ಬಟ್ಟೆಯ ಚೀಲಕ್ಕೆ ತುಂಬಿದೆವು. ಈ ಸಲ ನಾನು ಸೊಂಟದವರೆಗೆ ಒಳಗಿಳಿದು, ಹೊಳಪು ಪಟ್ಟಿಯಿಂದ ನಾಲ್ಕು ಬೆರಳು ಎಡಕ್ಕೆ, ಮೇಲಿನಿಂದ ಕೆಳಗೆ ಚೀಲವನ್ನು ಗೋಡೆಗೆ ಒತ್ತಿ ಹಿಡಿದೆ. ಆಪರೇಟರ್ ಮೇಲಿನಿಂದ ದೀಪ ಹಿಡಿದರು.

ಆಗ ಮಷೀನ್ ಶುರುವಾಯಿತು.

ನನ್ನ ಎದೆಯ ಕೆಳಗಿನ ಉಕ್ಕು ಗಡಗಡ ನಡುಗಿತು. ಅದೇ ಗೊಗ್ಗರು, ಅದೇ ಏರುವ ದನಿ. ಕೀಲಿ ನನ್ನ ಕೊರಳಲ್ಲಿದೆ, ಬೀಗ ಸ್ವಿಚ್ಚಿನ ಮೇಲಿದೆ, ಇದು ಸಾಧ್ಯವಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದುದು ಏನೂ ಉಪಯೋಗಕ್ಕೆ ಬರಲಿಲ್ಲ. ಹೊರಬರಲು ಆಗಲಿಲ್ಲ, ಕೂಗಲು ಆಗಲಿಲ್ಲ. ಬರ್ಫದ ಚೀಲ ಮಾತ್ರ ಬಿಡದೆ ಹಿಡಿದಿದ್ದೆ. ಅಷ್ಟರಲ್ಲಿ ಯಾರೋ ಬುಟ್ಟಿಯ ಅಂಚನ್ನು ಅಂಗೈಯಿಂದ ಮೂರು ಸಲ ತಟ್ಟಿದರು. ಕಿವಿಯ ಹತ್ತಿರ ಆಪರೇಟರ್ ದನಿ.

“ಎರಡನೇ ನಂಬರ್ ರೀ. ನಮ್ದಲ್ಲ. ನಾ ಇಲ್ಲೇ ಅದೀನಿ.”

ಪಕ್ಕದ ಮಷೀನ್. ಅದನ್ನು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಉಸಿರು ಬಿಟ್ಟು ಕಣ್ಣು ತೆರೆದಾಗ ಬಣ್ಣ ನಡೆಯತೊಡಗಿತ್ತು.

ಚೀಲದ ಪಕ್ಕ ಕಪ್ಪು, ಅದರ ಪಕ್ಕ ಕೆಂಪು, ಹಸಿರು, ನೀಲಿಯ ಮೂರು ಉದ್ದ ಪಟ್ಟಿಗಳು ಬಲಕ್ಕೆ ನಿಧಾನಕ್ಕೆ ಸರಿಯುತ್ತಿದ್ದವು. ಉಜ್ಜಿದ ಜಾಗ ಮುಟ್ಟಿದವು. ಅಲ್ಲಿ ನಿಂತವು. ಎಡಗಡೆ ಹಸಿರು ಹೋಗಿ ಕೆಂಪು ಬಂತು, ಕೆಂಪು ದಟ್ಟವಾಯಿತು. ಬಲಗಡೆ ಇನ್ನೂ ನೀಲಿ. ನಡುವೆ ಹಸಿರೇ ಇಲ್ಲ. ಕೆಂಪಿನ ಮೈಗೆ ನೀಲಿ ನೇರ ತಾಗಿತ್ತು, ಚಾಕುವಿನಿಂದ ಕೊಯ್ದ ಅಂಚಿನ ಹಾಗೆ. ಒಂದು ತೂತಿನಿಂದ ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಫಿಟ್ಟರ್ ಗೋಡೆಯ ಮೇಲೆ ಎಳೆದು ತೋರಿಸಿದ ಗೆರೆಯೇ.

ನಾಲ್ಕಕ್ಕೆ ನಿಲ್ಲಲಿಲ್ಲ. ಗ್ರೈಂಡರ್ ಮುಟ್ಟಿರದ ಜಾಗದಲ್ಲಿ, ಕೆಳಗೆ, ಐದನೆಯ ತೂತಿಗೆ, ಆರನೆಯದಕ್ಕೆ, ಏಳಕ್ಕೆ. ಬೆಳಿಗ್ಗೆ ಅಲ್ಲಿ ಕೂಡ ಬಿಳಿ ಪುಡಿ ಬಿಳಿಯಾಗಿಯೇ ಇತ್ತು. ಬಿರುಕಿನೊಳಗೆ ಕಾಕಂಬಿ ಸುಟ್ಟು ಗಟ್ಟಿಯಾಗಿ ಕೂತಿತ್ತು, ದ್ರಾವಣಕ್ಕೆ ಜಾಗವೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಇಷ್ಟೇ: ನನ್ನ ಹೊಟ್ಟೆ ಊರಿರುವ ಈ ಉಕ್ಕು ಮಧ್ಯಾಹ್ನ ಒಂದು ಟನ್ ಹೊತ್ತು ತಿರುಗಿದೆ.

ಇಂಜಿನಿಯರ್‌ರನ್ನು ಕರೆಯಲು ಹೇಳಿದೆ. ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ತಲೆ ಒಳಗಿಟ್ಟು ನೋಡಿದರು. ಬರ್ಫ ಮುಗಿಯುತ್ತ ಬಂದಿತ್ತು, ಬಣ್ಣ ಮಾಸುತ್ತಿತ್ತು, ಆದರೂ ಗೆರೆ ಕಾಣುತ್ತಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಲು ಹೋಗಿ ಕೈ ಹಿಂತೆಗೆದರು. ತಲೆ ಹೊರಗೆ ತೆಗೆದು ಕನ್ನಡಕ ಹಾಕಿಕೊಂಡರು. ಆಮೇಲೆ ಕೆಳಗಿನವರಿಗೆ ಮರಾಠಿಯಲ್ಲಿ, ತೀನ್ ನಂಬರ್ ಬಂದ್ ಕರಾ, ಬುಟ್ಟಿ ಇಳಿಸಬೇಕು ಎಂದರು. ಕಬ್ಬು ಅರೆಯುವುದನ್ನು ನಿಧಾನಿಸಲು ಫೋನ್ ಮಾಡಿದರು.

ಹೊರಡುವಾಗ ನನ್ನ ಜೊತೆ ವ್ಯಾನಿನವರೆಗೆ ಬಂದರು. ಬೆಳಗಿನ ವರದಿಯನ್ನು ಇಬ್ಬರೂ ಹರಿದು ಹಾಕೋಣ, ಇವತ್ತಿನದು ಒಂದೇ ವರದಿ, ಎರಡನೆಯದು, ಅದರಲ್ಲಿ ನಿಮಗೂ ಹೆಸರಿದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾಳೆ ಹೇಳುತ್ತೇನೆ ಎಂದು ಬಂದುಬಿಟ್ಟೆ. ಸೇತುವೆಯ ಹತ್ತಿರ ಟ್ರ್ಯಾಕ್ಟರುಗಳ ಹಿಂದೆ ಗಾಡಿ ನಿಂತಾಗ ಅದನ್ನು ರಸ್ತೆಯ ಬದಿಗೆ ಹಾಕಿ ಸ್ವಲ್ಪ ಹೊತ್ತು ಕುಳಿತೆ. ಮರುದಿನ ಎರಡನೇ ವರದಿ ಬರೆದೆ. ಮೊದಲನೆಯದು ಯಾಕೆ ತಪ್ಪಾಯಿತು, ಯಾವ ಪ್ರಶ್ನೆಯನ್ನು ಯಾರಿಗೆ ಕೇಳಲಿಲ್ಲ ಎಂಬುದನ್ನು ಅದರಲ್ಲೇ ಬರೆದು, ಮೊದಲನೆಯದರ ಪ್ರತಿಯನ್ನೂ ಹಚ್ಚಿ ಕಳಿಸಿದೆ. ಅದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು. ಮೊದಲ ಕಾಗದ ಎಲ್ಲೋ ಒಂಟಿಯಾಗಿ ಉಳಿದುಬಿಟ್ಟರೆ ಎಂಬ ಹೆದರಿಕೆ ಅಷ್ಟೇ.

ಆ ವಾರದ ಕೊನೆಯಲ್ಲಿ ಬುಟ್ಟಿಯನ್ನು ಕೊಯ್ದು ನೋಡುವಾಗ ನನ್ನನ್ನು ಕರೆದರು. ವರ್ಕ್‌ಶಾಪಿನ ಅಂಗಳದಲ್ಲಿ ಹಾಕಿದ್ದರು. ಫಿಟ್ಟರ್ ತಾವೇ ಕೊಯ್ಯುತ್ತೇನೆ ಎಂದು ಹಟ ಹಿಡಿದಿದ್ದರಂತೆ. ಬಣ್ಣ ಮುರಿದ ಗೆರೆಗೆ ಅಡ್ಡಲಾಗಿ ಕೊಯ್ದು, ತುಂಡನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಹನ್ನೆರಡು ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ಬಿರುಕು ಕಪ್ಪಗೆ ಇಳಿದು, ಹೊರಮೈಯ ಹತ್ತಿರ ಉಗುರಿನ ದಪ್ಪದಷ್ಟು ಲೋಹ ಮಾತ್ರ ಬೆಳ್ಳಗೆ ಉಳಿದಿತ್ತು. ಫಿಟ್ಟರ್ ಅದನ್ನು ನೋಡಿ ಗ್ರೈಂಡರ್ ಕೆಳಗಿಟ್ಟು ನಲ್ಲಿಯ ಕಡೆ ಹೋದರು. ಬಹಳ ಹೊತ್ತು ಮುಖ ತೊಳೆಯುತ್ತಿದ್ದರು. ನಾನು ಹಿಂದೆ ಹೋಗಲಿಲ್ಲ.

ಆಪರೇಟರ್ ಕೂಡ ಬಂದಿದ್ದರು. ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟರು. ಆಮೇಲೆ ಸಂಕೋಚದಿಂದ ಒಂದು ಕೆಲಸ ಹೇಳಿದರು. ಆ ದಿನ ಮಷೀನಿನ ಮುಂದೆ ನಿಲ್ಲುವ ಮೊದಲು, ಮೂರು ದಿನದಿಂದ ಹೆದರಿಕೊಂಡಿದ್ದ ಹೆಂಡತಿಗೆ ಸಮಾಧಾನವಾಗಲಿ ಎಂದು, ನನ್ನ ವರದಿಯ ಫೋಟೋ ತೆಗೆದು ಮನೆಗೆ ಕಳಿಸಿದ್ದರಂತೆ. ಈಗ ಆಕೆ ಏನು ಹೇಳಿದರೂ ನಂಬುತ್ತಿಲ್ಲ, ಬರೆದ ಮ್ಯಾಡಮ್ ಜೊತೆಯೇ ಮಾತಾಡಬೇಕು ಎನ್ನುತ್ತಾರಂತೆ. ನಂಬರ್ ಹಚ್ಚಿ ಫೋನ್ ನನ್ನ ಕೈಗೆ ಕೊಟ್ಟರು.

ಆ ಕಾಗದ ಬರೆದವಳು ನಾನೇ, ಅದು ತಪ್ಪಾಗಿತ್ತು, ಅದನ್ನು ಅಳಿಸಿಬಿಡಿ, ಆ ಬುಟ್ಟಿಯನ್ನು ಈಗ ಕೊಯ್ದು ಹಾಕಿದ್ದಾರೆ ಎಂದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡರು. ಹಿಂದೆ ಎಲ್ಲೋ ನೀರಿನ ಮೋಟರಿನ ಸದ್ದು ಬರುತ್ತಿತ್ತು.

“ಕಾಗದ ಕೊಟ್ಟ ಮ್ಯಾಲ ಅವ್ರು ಅದರ ಮುಂದ ಎಷ್ಟೊತ್ತು ನಿಂತಿದ್ರು ರೀ?”

ಲಾಗ್‌ಬುಕ್ಕಿನಲ್ಲಿ ಶುರುವಾದ ಹೊತ್ತೂ ನಿಂತ ಹೊತ್ತೂ ಇತ್ತು. ನಾನು ಅದನ್ನು ಎಷ್ಟು ಸಲ ಲೆಕ್ಕ ಹಾಕಿದ್ದೆನೋ. ಆಪರೇಟರ್ ನನ್ನ ಮುಖವನ್ನೇ ನೋಡುತ್ತಿದ್ದರು.

“ಹತ್ತೊಂಬತ್ತು ನಿಮಿಷ ರೀ” ಎಂದೆ.

ಆಚೆ ಕಡೆ ಮೋಟರ್ ನಿಲ್ಲಿಸಿದ ಹಾಗಾಯಿತು.

“ನನ್ನ ಮುಂದ ಐದ ನಿಮಿಷ ಅಂದಿದ್ರು. ಫೋನ್ ಅವ್ರ ಕಡೆ ಕೊಡ್ರಿ.”

ಕೊಟ್ಟೆ. ಅವರು ಫೋನ್ ಕಿವಿಗಿಟ್ಟುಕೊಂಡು, ನನ್ನ ಕಡೆಗೂ ಕೊಯ್ದ ಬುಟ್ಟಿಯ ಕಡೆಗೂ ಬೆನ್ನು ಮಾಡಿ, ಗೋಡೆಯ ಪಕ್ಕ ಹೋಗಿ ನಿಂತರು. ನಾನು ಡಬ್ಬಿಗಳನ್ನು ವ್ಯಾನಿಗೆ ಹಾಕಿ ಮುಗಿಸುವವರೆಗೂ ಅವರು ಹೂಂ ಎನ್ನುತ್ತಿದ್ದರು, ಅಷ್ಟೇ.